ಹದಿನಾಲ್ಕು ಕುಟುಂಬಗಳ ಹಾದಿ

ಕೆನಡಾದ ಅಲ್ಬರ್ಟಾ ಪ್ರಾಂತ್ಯದ ಉತ್ತರದಲ್ಲಿ, ಅಥಬಾಸ್ಕಾ ಸರೋವರದ ದಡದಲ್ಲಿ ಫೋರ್ಟ್ ಚಿಪೆವಯನ್ ಎಂಬ ಚಿಕ್ಕ ಊರಿದೆ. 1788ರಲ್ಲಿ ತುಪ್ಪಳದ ವ್ಯಾಪಾರಕ್ಕಾಗಿ ಹುಟ್ಟಿದ ಠಾಣೆಯದು. ಕ್ರೀ ಮತ್ತು ಡೆನೆ ಜನರು ಬೀವರ್ ಮೊದಲಾದ ಪ್ರಾಣಿಗಳ ತುಪ್ಪಳವನ್ನು ತಂದು ಬಂದೂಕು, ಕಂಬಳಿ, ಪಾತ್ರೆಗಳನ್ನು ಒಯ್ಯುತ್ತಿದ್ದರು. ವ್ಯಾಪಾರ ಕುಗ್ಗಿತು, ಊರು ಉಳಿಯಿತು. ಇಂದಿಗೂ ಅಲ್ಲಿಗೆ ವರ್ಷವಿಡೀ ಸಾಗಬಲ್ಲ ರಸ್ತೆಯಿಲ್ಲ. ನೆಲವೂ ನೀರೂ ಹೆಪ್ಪುಗಟ್ಟಿದ ಚಳಿಗಾಲದಲ್ಲಷ್ಟೇ ವಾಹನಗಳು ತಲಪುತ್ತವೆ.

1899ರಲ್ಲಿ ವಿಕ್ಟೋರಿಯಾ ರಾಣಿಯ ಪ್ರತಿನಿಧಿಗಳು ಈ ಜನರೊಡನೆ ‘ಎಂಟನೆಯ ಒಪ್ಪಂದ’ವನ್ನು ಮಾಡಿಕೊಂಡರು. ಬರಹದ ಪ್ರಕಾರ ಭೂಮಿ ಸರಕಾರಕ್ಕೆ. ಬೇಟೆ, ಉರುಳು, ಮೀನುಗಾರಿಕೆಯ ಹಕ್ಕು ಜನರಿಗೆ. ಅಗತ್ಯಬಿದ್ದಾಗ ಸರಕಾರವು ಆ ನೆಲವನ್ನು ಬೇರೆ ಕೆಲಸಕ್ಕೆ ತೆಗೆದುಕೊಳ್ಳಬಹುದೆಂಬ ಷರತ್ತೂ ಅದರಲ್ಲಿತ್ತು.

ಶತಮಾನ ಕಳೆದ ಮೇಲೆ, 2001ರಲ್ಲಿ, ವುಡ್ ಬಫೆಲೋ ರಾಷ್ಟ್ರೀಯ ಉದ್ಯಾನದೊಳಗೆ 118 ಕಿ.ಮೀ. ಉದ್ದದ ಚಳಿಗಾಲದ ರಸ್ತೆಗೆ ಸರಕಾರ ಅನುಮತಿಯಿತ್ತಿತು. ಮಿಕಿಸ್ಯೂ ಕ್ರೀ ಜನರು ವಿರೋಧಿಸಿದಾಗ ಹಾದಿಯನ್ನು ಅವರ ಮೀಸಲು ಭೂಮಿಯ ಅಂಚಿಗೆ ಸರಿಸಿತು. ಆದರೆ ಅವರನ್ನು ಕೇಳಲಿಲ್ಲ. ಉರುಳೊಡ್ಡಿ ಬದುಕುವ ಸುಮಾರು 14 ಕುಟುಂಬಗಳಿಗೆ ಅದು ತಟ್ಟುವಂತಿತ್ತು.

2005ರಲ್ಲಿ ಕೆನಡಾದ ಸುಪ್ರೀಂ ಕೋರ್ಟು ಆ ಅನುಮತಿಯನ್ನು ರದ್ದುಗೊಳಿಸಿತು. ನೆಲವನ್ನು ತೆಗೆದುಕೊಳ್ಳುವ ಅಧಿಕಾರ ಸರಕಾರಕ್ಕಿದೆ. ಆದರೆ ಒಪ್ಪಂದದ ಜನರೊಡನೆ ನೇರವಾಗಿ ಸಮಾಲೋಚಿಸಬೇಕು, ಊರಿಗೆಲ್ಲ ಹೊರಡಿಸಿದ ಸಭೆಯ ಕರೆ ಅದಕ್ಕೆ ಸಾಲದು ಎಂದಿತು. ಇದು ಯೋಜನೆಯನ್ನು ತಡೆಯುವ ಅಧಿಕಾರವಲ್ಲವೆಂದೂ ಸ್ಪಷ್ಟಪಡಿಸಿತು.

ಹದಿನಾಲ್ಕು ಕುಟುಂಬಗಳು ಎಣಿಕೆಯಲ್ಲಿ ಅಲ್ಪ. ಕೊಟ್ಟ ಮಾತು ತಲೆಯೆಣಿಕೆಯಿಂದ ಕಿರಿದಾಗದು. ಆದರೆ ಅದನ್ನು ನೆನಪಿನಲ್ಲಿಟ್ಟು, ವೇಳೆ ಬಂದಾಗ ಎದ್ದು ಕೇಳುವವರಿರಬೇಕು.