ಗೋಡೆಯ ಮೇಲಿನ ಕಾವಲುಗಾರ

ಸಂಜೆ ದೀಪ ಹೊತ್ತಿದೊಡನೆ ಸಂಗನಕಲ್ಲಿನ ಮನೆಗಳ ಗೋಡೆಯ ಮೇಲೆ ಹಲ್ಲಿ ಕಾಣಿಸಿಕೊಳ್ಳುವುದು ನಿತ್ಯದ ಮಾತು. ಅದು ಲೊಚಗುಟ್ಟಿದರೆ ಹಿರಿಯರು ಬೆರಳಿನಿಂದ ನೆಲ ತಟ್ಟಿ "ಕೃಷ್ಣ ಕೃಷ್ಣ" ಎನ್ನುವುದುಂಟು. ಮೈಮೇಲೆ ಬಿದ್ದರೆ ಪಂಚಾಂಗ ತೆರೆದು ಫಲ ನೋಡುವುದುಂಟು. ಇಷ್ಟೆಲ್ಲ ಗಮನಕ್ಕೆ ಪಾತ್ರವಾದ ಈ ಪ್ರಾಣಿಯ ನಿಜವಾದ ಉದ್ಯೋಗವೇನೆಂದು ವಿಚಾರಿಸುವವರು ಮಾತ್ರ ವಿರಳ. ಕಂಡಲ್ಲಿ ಕಸಬರಿಗೆಯಿಂದ ಹೊಡೆಯುವವರೇ ಹೆಚ್ಚು. ಇದು ಅವಿವೇಕ. ಏಕೆಂದರೆ ಅಡುಗೆಮನೆಯ ಜಿರಲೆಮರಿಗಳನ್ನು ಕೂಲಿ ಕೇಳದೆ ಹಿಡಿದು ತಿನ್ನುವ ಕಾವಲುಗಾರ ಅದೇ ಹಲ್ಲಿ.

ಈ ನೆರೆತನ ಬಹು ಹಳೆಯದು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಸಂಗನಕಲ್ಲಿನ ಗುಡ್ಡಗಳ ಮೇಲೆ ನವಶಿಲಾಯುಗದ ಜನರು ಕಲ್ಲುಕೊಡಲಿಗಳನ್ನು ತಯಾರಿಸುತ್ತ, ದನ ಸಾಕುತ್ತ, ಹುರುಳಿ, ಹೆಸರು, ಕೊರಲೆಗಳನ್ನು ಬಳಸುತ್ತ ಬಾಳಿದರು. ಮನುಷ್ಯನು ಧಾನ್ಯವನ್ನು ಕೂಡಿಟ್ಟಲ್ಲಿಗೆ ಹುಳುಹುಪ್ಪಟೆಗಳು ಬರುವುದು, ಅವುಗಳ ಬೆನ್ನಟ್ಟಿ ಅವುಗಳ ವೈರಿಗಳೂ ಬರುವುದು ಸಹಜವೇ. ಆ ಬಂಡೆಗಳ ಬಿರುಕುಗಳಲ್ಲಿ ಹಲ್ಲಿಗಳು ಇಂದಿಗೂ ಇವೆ.

ಜಿರಲೆಗೆ ಹಲ್ಲಿಯೊಂದೇ ವೈರಿಯಲ್ಲ. ಕೋಳಿ, ಕಪ್ಪೆ, ಸುಂಡಿಲಿ, ಬಲೆ ನೇಯದೆ ಓಡಿ ಬೇಟೆಯಾಡುವ ದೊಡ್ಡ ಜೇಡ, ಎಲ್ಲವೂ ಅದನ್ನು ತಿನ್ನುತ್ತವೆ. ಆದರೆ ಇವೆಲ್ಲವನ್ನೂ ಮೀರಿಸುವ ಬೇಟೆಗಾರ ಹಸಿರುನೀಲಿ ಹೊಳಪಿನ ಒಂದು ಕಣಜ. ಸುಮಾರು 2 ಸೆಂಟಿಮೀಟರ್ ಉದ್ದದ ಈ ಹೆಣ್ಣು ಕಣಜ ತನಗಿಂತ ದೊಡ್ಡದಾದ ಜಿರಲೆಯ ಎದೆಗೆ ಮೊದಲು ಕುಟುಕಿ ಮುಂಗಾಲುಗಳನ್ನು ನಿಶ್ಚೇಷ್ಟಗೊಳಿಸುತ್ತದೆ. ಬಳಿಕ ತಲೆಗೆ ಕುಟುಕುತ್ತದೆ. ಈ ಎರಡನೆಯ ಕುಟುಕಿನ ವಿಷ ನೇರವಾಗಿ ಮೆದುಳನ್ನೇ ಸೇರುವುದೆಂದು ಇಸ್ರೇಲಿನ ವಿಜ್ಞಾನಿಗಳು 2003ರಲ್ಲಿ ತೋರಿಸಿದರು. ಜಿರಲೆ ಸಾಯುವುದಿಲ್ಲ, ಕಾಲುಗಳ ಬಲವೂ ಮರಳುತ್ತದೆ. ತಾನಾಗಿ ಓಡಬೇಕೆಂಬ ಪ್ರೇರಣೆ ಮಾತ್ರ ಇಲ್ಲವಾಗುತ್ತದೆ. ಆಗ ಕಣಜ ಅದರ ಮೀಸೆಯನ್ನು ಹಿಡಿದು, ರೈತ ಮೂಗುದಾರ ಹಿಡಿದು ಎತ್ತನ್ನು ನಡೆಸುವಂತೆ, ಬಿಲಕ್ಕೆ ನಡೆಸಿಕೊಂಡು ಹೋಗುತ್ತದೆ! ಅಲ್ಲಿ ಅದರ ಕಾಲಿನ ಮೇಲೆ ಮೊಟ್ಟೆಯಿಟ್ಟು, ಬಿಲದ ಬಾಯನ್ನು ಕಲ್ಲಿನ ಹರಳುಗಳಿಂದ ಮುಚ್ಚುತ್ತದೆ. ಮೊಟ್ಟೆಯೊಡೆದ ಮರಿಗೆ ಆ ಜಿರಲೆಯೇ ಆಹಾರ.

ಇನ್ನೊಂದು ಕರಿಯ ಕಣಜವಿದೆ. ಪುಟ್ಟ ಹೊಟ್ಟೆಯನ್ನು ಬಾವುಟದಂತೆ ಮೇಲೆ ಕೆಳಗೆ ಆಡಿಸುತ್ತ ಮನೆಯೊಳಗೆ ಸುಳಿಯುತ್ತದೆ. ಜಿರಲೆಯ ಮೊಟ್ಟೆಗಳ ಕೋಶದೊಳಗೆ ಇದು ತನ್ನ ಮೊಟ್ಟೆಯನ್ನಿಡುತ್ತದೆ. ಹುಟ್ಟಿದ ಮರಿಹುಳು ಒಳಗಿನ ಮೊಟ್ಟೆಗಳನ್ನೆಲ್ಲ ತಿಂದುಬಿಡುತ್ತದೆ. ಮನುಷ್ಯನ ಗೊಡವೆಗೇ ಬಾರದ ಈ ಬಡಪಾಯಿಯನ್ನು ಜನ ಕಡಿಯುವ ಕಣಜವೆಂದು ಭಾವಿಸಿ ಕೊಲ್ಲುತ್ತಾರೆ.

ಔಷಧ ಸಿಂಪಡಿಸಿದರೆ ಸಾಲದೇ ಎಂದು ಕೇಳಬಹುದು. ಸಿಂಪಡಿಸಿದ ವಿಷಕ್ಕೆ ಸ್ವಪಕ್ಷ ಪರಪಕ್ಷಗಳ ಭೇದವಿಲ್ಲ. ಕಣಜವೂ ಜೇಡವೂ ಜಿರಲೆಯೊಡನೆಯೇ ಸಾಯುತ್ತವೆ. ಅಳಿದುಳಿದ ಜಿರಲೆಗಳ ಸಂತಾನವಾದರೋ ವಿಷವನ್ನೇ ಜೀರ್ಣಿಸಿಕೊಳ್ಳಲು ಕಲಿಯುತ್ತದೆ. ಅಮೆರಿಕದ ಟೆಕ್ಸಸ್ ಪ್ರಾಂತದಲ್ಲಿ 1950ರ ದಶಕದ ಆರಂಭದಲ್ಲಿಯೇ ಇದು ಕಂಡುಬಂದಿತು. ಮಕ್ಕಳು ಉಸಿರಾಡುವ ಅಡುಗೆಮನೆಯ ಗಾಳಿಯಲ್ಲಿ ಮಾತ್ರ ಆ ವಿಷದ ಅಂಶ ಉಳಿಯುತ್ತದೆ.

ಹಾಗೆಂದು ಈ ಬೇಟೆಗಾರರಿಂದಲೇ ಜಿರಲೆಯ ವಂಶ ನಿರ್ಮೂಲವಾದೀತೆಂಬ ಭ್ರಮೆಯೂ ಬೇಡ. 1941ರಲ್ಲಿ ಹಸಿರು ಕಣಜವನ್ನು ಹವಾಯಿ ದ್ವೀಪಗಳಿಗೆ ಒಯ್ದು ಬಿಟ್ಟರು. ಅದು ಅಲ್ಲಿ ನೆಲೆಯೂರಿತಾದರೂ ಜಿರಲೆಗಳ ಕಾಟ ತೀರಲಿಲ್ಲ. ಎಂಜಲು ಪಾತ್ರೆಗಳನ್ನು ರಾತ್ರಿಯೇ ತೊಳೆಯುವುದು, ಬಚ್ಚಲನ್ನು ಒಣಗಿಸುವುದು, ಗೋಡೆಯ ಬಿರುಕುಗಳನ್ನು ಮುಚ್ಚುವುದು ಮನೆಯವರ ಪಾಲಿನ ಕೆಲಸ. ಹಲ್ಲಿಯಲ್ಲಿಯೂ ಒಂದು ದೋಷವುಂಟು. ನಮ್ಮ ಮನೆಗಳ ಹಲ್ಲಿಗೆ ವಿಷವಿಲ್ಲ, ಆದರೆ ಅದರ ಹಿಕ್ಕೆಯಲ್ಲಿ ರೋಗಾಣುಗಳಿರಬಹುದು. ಅದಕ್ಕೆ ಕಸಬರಿಗೆ ಬೇಕಿಲ್ಲ. ಅನ್ನದ ಪಾತ್ರೆಗೆ ಒಂದು ಮುಚ್ಚಳ ಸಾಕು.