ಅರಸನ ಮೂಲ ಕೇಳದವರು ನನ್ನದನ್ನು ಕೇಳುತ್ತಾರೆ

ಇಂಗ್ಲೆಂಡಿನ ರಾಜಮನೆತನ ಜರ್ಮನ್ ಮೂಲದ್ದು. ಗುಟ್ಟೇನಲ್ಲ, ಜಗತ್ತಿಗೇ ಗೊತ್ತು. 1714ರಲ್ಲಿ ಆನ್ ರಾಣಿ ತೀರಿಕೊಂಡಳು, ಅವಳ ಮಕ್ಕಳಲ್ಲಿ ಒಬ್ಬರೂ ಉಳಿದಿರಲಿಲ್ಲ. ರಕ್ತದಲ್ಲಿ ಅವಳಿಗೆ ಹತ್ತಿರವಿದ್ದ ಐವತ್ತಕ್ಕೂ ಹೆಚ್ಚು ಮಂದಿಯನ್ನು ಕ್ಯಾಥೊಲಿಕರೆಂದು ಬದಿಗೆ ಸರಿಸಿ, ಹ್ಯಾನೋವರಿನಿಂದ ಜಾರ್ಜ್ ಎಂಬವನನ್ನು ಕರೆತಂದು ಗದ್ದುಗೆಯ ಮೇಲೆ ಕೂರಿಸಿದರು. ಅವನಿಗೆ ಇಂಗ್ಲಿಷೇ ಸರಿಯಾಗಿ ಬಾರದು. ಅವನ ಮಗನೂ ಹ್ಯಾನೋವರಿನಲ್ಲಿ ಹುಟ್ಟಿದವನೇ. ಮೂರನೆಯ ಜಾರ್ಜನ ಕಾಲಕ್ಕೆ, 1799ರಲ್ಲಿ ಟಿಪ್ಪು ಬಿದ್ದ ಮೇಲೆ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನೆಲವೆಲ್ಲ ಕಂಪೆನಿಯ ಪಾಲಾಯಿತು. ಆಮೇಲೆ ಬಂದ ವಿಕ್ಟೋರಿಯಾಳ ತಾಯಿ ಜರ್ಮನ್, ಗಂಡ ಜರ್ಮನ್.

ಬಿ.ಸಿ. ರೋಡಿನ ಹೋಟೆಲುಗಳಲ್ಲಿ ಚಾ ಕುಡಿಯುತ್ತಾ ಈ ಕಥೆ ಹೇಳಿ ನಗುವವರಿದ್ದಾರೆ. "ನಮ್ಮನ್ನು ಆಳಿದವರಿಗೇ ಸ್ವಂತ ಊರಿರಲಿಲ್ಲ ಮಾರಾಯ್ರೆ!" ನಗು ಮುಗಿಯುತ್ತಲೇ ಅದೇ ಬಾಯಿ ನನ್ನ ಕಡೆ ತಿರುಗುತ್ತದೆ. "ಇಲ್ಲ್ ಓಲು?" ಮನೆ ಎಲ್ಲಿ ಎಂದು. ಊರು ಹೇಳುತ್ತೇನೆ. ಸಾಲದು. "ಅಲ್ಲಿ ಯಾರ ಪೈಕಿ?" ತಂದೆಯ ಹೆಸರು ಹೇಳುತ್ತೇನೆ. ಅದೂ ಸಾಲದು. ಕೊನೆಗೆ ಅವರಿಗೆ ಬೇಕಾದದ್ದನ್ನೇ ಹೇಳುತ್ತೇನೆ, ಕುರ್ಚಿ ಒಂದು ಗೇಣು ಹಿಂದೆ ಸರಿಯುತ್ತದೆ.

ನಾನು ಕೊರಗ.

ನನ್ನ ತಾಯಿ ಕಾಡಿನಿಂದ ಬಿಳಲು ತಂದು ಕುಡುಪು ಹೆಣೆಯುತ್ತಿದ್ದಳು. ಬಿಳಲು ಸೀಳುವಾಗ ಬೆರಳ ಸಂದಿಯಲ್ಲಿ ರಕ್ತ ಒಸರುತ್ತಿತ್ತು. ಅದನ್ನು ಸೀರೆಗೆ ಒರೆಸಿಕೊಂಡು ಮುಂದಿನ ಎಳೆ ಹಿಡಿಯುತ್ತಿದ್ದಳು. ಹೆಣೆದದ್ದನ್ನು ತಲೆಯ ಮೇಲೆ ಹೊತ್ತು ದೊಡ್ಡ ಮನೆಗಳ ಅಂಗಳಕ್ಕೆ ಹೋದರೆ, ಮನೆಯೊಡತಿ ಕುಡುಪಿಗೆ ನೀರು ಚಿಮುಕಿಸಿ ಒಳಗೊಯ್ಯುತ್ತಿದ್ದಳು. ಅವರ ಗಂಜಿ ಬಸಿಯುವುದು ಅದರಲ್ಲಿ. ಅವರ ದೇವರ ಎಡೆಗೆ ಅನ್ನ ಹೋಗುವುದೂ ಅದರಿಂದಲೇ. ದುಡ್ಡು ಮಾತ್ರ ನೆಲದ ಮೇಲೆ ಬಂದು ಬೀಳುತ್ತಿತ್ತು. ತಾಯಿ ಬಗ್ಗಿ ಹೆಕ್ಕುತ್ತಿದ್ದಳು, ನಾನು ಅವಳ ಸೆರಗು ಹಿಡಿದು ನಿಂತಿರುತ್ತಿದ್ದೆ. ನನ್ನ ತಾಯಿಯ ಕೈ ನಿಮ್ಮ ಅಡುಗೆಮನೆಗೆ ಹೋದೀತು, ನನ್ನ ತಾಯಿ ಹೋಗಬಾರದು. ಯಾವ ಧರ್ಮ ಇದು? ಯಾರ ಸಂಸ್ಕೃತಿ?

ಹುಬಾಶಿಕನೆಂಬ ಕೊರಗರ ಅರಸ ಈ ತುಳುನಾಡನ್ನು ಆಳಿದ್ದನೆಂದು ಐತಿಹ್ಯವಿದೆ. ಗದ್ದುಗೆ ಹೋಯಿತು, ಅವನ ಜನರನ್ನು ಕಾಡಿಗೆ ಅಟ್ಟಿದರು. ಆಮೇಲೆ ನಮಗೆ ಉಳಿದದ್ದು ಅಜಲು ಎಂಬ ಪದ್ಧತಿ. ಕೂದಲು, ಉಗುರು ಬೆರೆಸಿದ ಅನ್ನವನ್ನು ನಮ್ಮ ಹಿರಿಯರಿಗೆ ತಿನ್ನಿಸಿದರು, ತಮ್ಮ ರೋಗ ಕಳೆಯಲಿ ಎಂದು. ಕಂಬಳಕ್ಕೆ ಮೊದಲು ಕೋಣಗಳ ಹಾಗೆ ಓಡಿಸಿದರು. ಇದು ಅಪರಾಧವೆಂದು ಕಾಯ್ದೆ ಬರಲು 2000ನೇ ಇಸವಿ ಆಗಬೇಕಾಯಿತು. ಸಂವಿಧಾನಕ್ಕೆ ಆಗ ಐವತ್ತು ವರ್ಷ!

ಅತ್ತ ಆ ಅರಸುಮನೆಯನ್ನು ನೋಡಿ. 1917ರ ಜೂನಿನಲ್ಲಿ ಜರ್ಮನಿಯ ಗೋಥಾ ವಿಮಾನಗಳು ಲಂಡನ್ನಿನ ಮೇಲೆ ಬಾಂಬು ಹಾಕಿದವು. ರಾಜನ ಮನೆತನದ ಹೆಸರು ಸ್ಯಾಕ್ಸ್-ಕೋಬರ್ಗ್-ಗೋಥಾ. ಎದುರಾಳಿ ಕೈಸರ್ ಸ್ವಂತ ಸೋದರಸಂಬಂಧಿ. ಇಬ್ಬರೂ ವಿಕ್ಟೋರಿಯಾಳ ಮೊಮ್ಮಕ್ಕಳು. ಜುಲೈ 17ರಂದು ಐದನೆಯ ಜಾರ್ಜ್ ಒಂದು ಘೋಷಣೆಗೆ ರುಜು ಹಾಕಿ ವಿಂಡ್ಸರ್ ಆದ. ಅದೇ ವರ್ಷ ಅವನ ನೆಂಟರಾದ ಬ್ಯಾಟನ್‌ಬರ್ಗಿನವರು ಮೌಂಟ್‌ಬ್ಯಾಟನ್ ಆದರು. ಆ ಮನೆಯ ಹುಡುಗನೇ 1947ರಲ್ಲಿ ವೈಸರಾಯ್ ಆಗಿ ಬಂದು ನಮ್ಮ ದೇಶವನ್ನು ಎರಡು ಮಾಡಿ ಕೊಟ್ಟು ಹೋದ. ನಿನ್ನ ಅಜ್ಜನ ಮನೆ ಎಲ್ಲಿ ಎಂದು ಅವನನ್ನು ಇಲ್ಲಿ ಯಾರು ಕೇಳಿದರು?

ಅದೇ ಮೊದಲ ಮಹಾಯುದ್ಧದಲ್ಲಿ, ಅದೇ ರಾಜನ ಸರಕಾರ, ಮಂಗಳೂರಿನ ಬಾಸೆಲ್ ಮಿಶನ್ನಿನ ಜರ್ಮನರನ್ನು ಶತ್ರುಗಳೆಂದು ಹಿಡಿದು ಕೂಡಿಹಾಕಿತು, ಅವರ ಹಂಚಿನ ಕಾರ್ಖಾನೆಗಳನ್ನು ಕಿತ್ತುಕೊಂಡಿತು. ಇದೇ ಮಿಶನ್ನಿನಿಂದ ಬಂದು ಕನ್ನಡಕ್ಕೆ ನಿಘಂಟು ಕೊಟ್ಟ ಕಿಟ್ಟೆಲ್ 1832ರಲ್ಲಿ ಹುಟ್ಟಿದ ಊರು ಹ್ಯಾನೋವರ್ ರಾಜ್ಯದಲ್ಲಿತ್ತು. ಆಗ ಹ್ಯಾನೋವರಿಗೂ ಬ್ರಿಟನ್ನಿಗೂ ಒಬ್ಬನೇ ರಾಜ, ನಾಲ್ಕನೆಯ ವಿಲಿಯಂ. 1837ರಲ್ಲಿ ಕಂಪೆನಿಯ ವಿರುದ್ಧ ಸುಳ್ಯದಿಂದ ಎದ್ದ ದಂಗೆಕೋರರು ಬಂಟ್ವಾಳ ದಾಟಿ ಮಂಗಳೂರು ಹಿಡಿದಾಗಲೂ ಗದ್ದುಗೆಯಲ್ಲಿದ್ದವನು ಅವನೇ. ದಂಗೆ ಅಡಗಿದ ಮೇಲೆ ನಂದಾವರದ ಲಕ್ಷ್ಮಪ್ಪ ಬಂಗರಸನನ್ನು ನೇಣಿಗೆ ಹಾಕಿದರು. ಜರ್ಮನ್ ಮೂಲದ ಪಾದ್ರಿಗಳು ಸೆರೆಗೆ, ತುಳುನಾಡಿನ ಅರಸ ನೇಣಿಗೆ. ಜರ್ಮನ್ ಮೂಲದ ರಾಜನಿಗೆ ಹೊಸ ಹೆಸರು.

ನನ್ನ ತಮ್ಮನೂ ಹೆಸರು ಬದಲಿಸಿದ. ಅಫಿಡವಿಟ್ ಮಾಡಿಸಿದ, ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಿದ. ಮೂಡುಬಿದಿರೆಯಲ್ಲಿ ಕೋಣೆ ಕೇಳಲು ಹೋದ. ಹೆಸರು ಕೇಳಿ ಮನೆಯೊಡೆಯ ಮುಖ ಅರಳಿಸಿದ, ಒಳಗೆ ಕರೆದ, ನೀರು ಬೆಲ್ಲ ಕೊಟ್ಟ. ಆಮೇಲೆ ಅದೇ ಪ್ರಶ್ನೆ. "ಅಜ್ಜನ ಮನೆ ಎಲ್ಲಿ?" ತಮ್ಮ ಸುಳ್ಳು ಹೇಳಲಿಲ್ಲ. ಕೋಣೆ ನಿನ್ನೆಯೇ ಹೋಗಿದೆ ಅಂದರಂತೆ. ಬಾಡಿಗೆಗಿದೆ ಎಂಬ ಬೋರ್ಡು ಮರುವಾರವೂ ಗೇಟಿನಲ್ಲಿ ನೇತಾಡುತ್ತಿತ್ತು.

ಇನ್ನು ಸರಕಾರಿ ಕಚೇರಿ. ಅಲ್ಲಿ ನಮ್ಮ ಹಕ್ಕಿನ ಒಂದು ಕಾಗದ ಬೇಕಾದರೆ ವಂಶವೃಕ್ಷ ಕೊಡಬೇಕು. ಶತಮಾನಗಟ್ಟಲೆ ನಮಗೆ ಅಕ್ಷರ ಕೊಡದವರು, ಜಾಗದ ಚೀಟಿ ಕೊಡದವರು, ಈಗ ನನ್ನ ಮುತ್ತಜ್ಜನ ದಾಖಲೆ ತಾ ಅನ್ನುತ್ತಾರೆ. ಬೆಳ್ತಂಗಡಿಯ ಕಾಡಂಚಿನ ಗುಡಿಸಲಲ್ಲಿ ಹುಟ್ಟಿ ಅಲ್ಲೇ ಸತ್ತವನ ದಾಖಲೆ! ಇಲ್ಲಿ ಆಳಿದ ಬಂಗಾಡಿಯ ಬಂಗರಿಗೆ, ವೇಣೂರಿನ ಅಜಿಲರಿಗೆ, ಪುತ್ತಿಗೆಯ ಚೌಟರಿಗೆ ಶಾಸನಗಳಿವೆ, ಅರಮನೆಗಳಿವೆ. ಇರಲಿ. ಅವರ ಕಂಬದ ಕೆತ್ತನೆಯನ್ನು ನಾನೂ ಕಣ್ತುಂಬ ನೋಡಿದ್ದೇನೆ. ಆದರೆ ನನ್ನ ಮುತ್ತಜ್ಜನಿಗೆ ಕಾಗದ ಇರಲಿಲ್ಲವೆಂದು ಅವನು ಬದುಕಿಯೇ ಇರಲಿಲ್ಲ ಎನ್ನಬೇಡಿ.

ದೂರದಿಂದ ಬಂದವರು ಆಳಿದ್ದಕ್ಕೆ ನನಗೆ ಸಿಟ್ಟಿಲ್ಲ. ಮನುಷ್ಯರು ಬರುತ್ತಾರೆ, ಹೋಗುತ್ತಾರೆ, ಹೆಸರು ಬದಲಿಸುತ್ತಾರೆ. ಕಿರೀಟ ಇದ್ದವನಿಗೆ ಅದು ಸಲ್ಲುತ್ತದೆ, ಕುಡುಪು ಹೆಣೆದವಳ ಮಗನಿಗೆ ಸಲ್ಲುವುದಿಲ್ಲ. ನನ್ನ ಹೊಟ್ಟೆ ಉರಿಯುವುದು ಅದಕ್ಕೆ.

ನನ್ನ ತಂಗಿಯ ಮಗಳಿಗೆ ಈ ವರ್ಷ ಕಾಲೇಜು. ಮೂಡುಬಿದಿರೆಯಲ್ಲಿ ಅವಳಿಗೊಂದು ಕೋಣೆ ಬೇಕು. ಜೊತೆಗೆ ನಾನೇ ಬರುತ್ತೇನೆ. ಬಾಡಿಗೆ ಎಷ್ಟು ಹೇಳಿ, ಮುಂಗಡ ಎಷ್ಟು ಹೇಳಿ, ನೀರಿಗೆ ಕರೆಂಟಿಗೆ ಬೇರೆ ಕೊಡಬೇಕೇ ಹೇಳಿ. ದುಡ್ಡನ್ನು ನಿಮ್ಮ ಕೈಗೇ ಕೊಡುತ್ತೇನೆ, ನೀವು ಕೈಯೊಡ್ಡಿ ತೆಗೆದುಕೊಳ್ಳಬೇಕು. ಅಜ್ಜನ ಮನೆ ಕೇಳಿದಿರೋ, ಉತ್ತರವನ್ನು ಅಂಗಳದಲ್ಲಿ ನಿಂತು ಹೇಳುವವನಲ್ಲ ನಾನು.