ಖಾಲಿ ಪೆಟ್ಟಿಗೆಗೂ ಬೆಲೆಯಿದೆ

ಖಾಲಿ ರಟ್ಟಿನ ಪೆಟ್ಟಿಗೆಗೆ ಯಾರಾದರೂ ದುಡ್ಡು ಕೊಡುತ್ತಾರೆಯೇ ಎಂದು ನಗಬೇಡಿ, ಗೆಳೆಯರೇ. ಹಳೆಯ ಆಟಿಕೆಗಳನ್ನು ಸಂಗ್ರಹಿಸುವವರು ಕೊಡುತ್ತಾರೆ.

1953ರಲ್ಲಿ ಇಂಗ್ಲೆಂಡಿನ ಲೆಸ್ನಿ ಕಂಪನಿ ಬೆಂಕಿಪೊಟ್ಟಣದಂತಹ ಪುಟ್ಟ ಪೆಟ್ಟಿಗೆಗಳಲ್ಲಿ ಲೋಹದ ವಾಹನಗಳನ್ನು ಮಾರತೊಡಗಿತು. ‘ಮ್ಯಾಚ್‌ಬಾಕ್ಸ್’ ಎಂಬ ಹೆಸರು ಬಂದದ್ದೇ ಆ ಪೆಟ್ಟಿಗೆಯಿಂದ. ಮಕ್ಕಳು ಕಾರನ್ನು ಇಟ್ಟುಕೊಂಡರು, ಪೆಟ್ಟಿಗೆಯನ್ನು ಎಸೆದರು. ಹಾಗಾಗಿ ಇಂದು ಪೆಟ್ಟಿಗೆಯೇ ಅಪರೂಪ. ಮೂಲ ಪೆಟ್ಟಿಗೆಯಿದ್ದರೆ ಕಾರಿನ ಬಣ್ಣ ಉಳಿದಿರುತ್ತದೆ, ಅದು ಯಾವ ಮಾದರಿ ಎಂಬುದಕ್ಕೂ ಆಧಾರ ಸಿಗುತ್ತದೆ. ಬೆಲೆ ಏರುವುದು ಇದರಿಂದಲೇ.

ನಮ್ಮ ಅಜ್ಜ ಗಲ್ಫ್‌ನಿಂದ ಮಾಮನಿಗೆ ಇಂತಹ ಒಂದು ಕಾರು ತಂದಿದ್ದರು. ಮಾಮ ಪೆಟ್ಟಿಗೆಯನ್ನು ಅಂದೇ ಹರಿದು ಹಾಕಿದ್ದರಂತೆ. ಹಳೆಯದರಂತೆಯೇ ಕಾಣುವ ಹೊಸ ಪೆಟ್ಟಿಗೆಗಳನ್ನು ಈಗ ಮುದ್ರಿಸಿ ಮಾರುತ್ತಾರೆ. ಅಂಥದ್ದೊಂದನ್ನು ತರಿಸಿ, ಕಾರನ್ನು ಅದರೊಳಗಿಟ್ಟು ಒಳ್ಳೆಯ ಬೆಲೆಗೆ ಮಾರೋಣ ಎಂದೆ. ಮಾಮ ಕೇಳಿದ್ದು ಒಂದೇ ಮಾತು: “ಪೆಟ್ಟಿಗೆ ಹೊಸದು ಅಂತ ಕೊಳ್ಳುವವನಿಗೆ ಹೇಳ್ತೀಯಾ?” ನಾನು ತಲೆ ತಗ್ಗಿಸಿದೆ.

ಹೊಸ ಪೆಟ್ಟಿಗೆ ಮಾಡುವುದು ತಪ್ಪಲ್ಲ. ಅದನ್ನು ಹಳೆಯದೆಂದು ನಂಬಿಸುವುದು ಮೋಸ. ಕೊಳ್ಳುವವನು ಹೆಚ್ಚು ಹಣ ಕೊಡುವುದು ರಟ್ಟಿಗಲ್ಲ, ಅದು ಇಷ್ಟು ವರ್ಷ ಉಳಿದು ಬಂದಿದೆ ಎಂಬ ನಂಬಿಕೆಗೆ. ಆ ನಂಬಿಕೆ ಸುಳ್ಳಾದರೆ ಪ್ರಾಮಾಣಿಕವಾಗಿ ಮಾರುವವರನ್ನೂ ಜನ ಅನುಮಾನದಿಂದಲೇ ನೋಡುತ್ತಾರೆ. ಕೊಳ್ಳುವವರು ಬೆಲೆ ಕೇಳುವ ಮುನ್ನ ಪೆಟ್ಟಿಗೆ ಮೂಲದ್ದೇ ಎಂದು ಕೇಳಲಿ. ಮಾರುವವರು ಕೇಳದಿದ್ದರೂ ಹೇಳಲಿ.

ಮಾಮನ ಕಾರು ನಮ್ಮ ಶೋಕೇಸಿನಲ್ಲಿದೆ. ಬಣ್ಣ ಅಲ್ಲಲ್ಲಿ ಹೋಗಿದೆ, ಪೆಟ್ಟಿಗೆ ಇಲ್ಲ. ಯಾರಾದರೂ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.